ತಾಮ್ರಕ್ಕೂ ಎವರ್‌ಸಿಲ್ವರಿಗೂ ಬೆಸುಗೆ

ಈಚೆಗೆ ಒಂದು ಬೆಳಗ್ಗೆ ನಾವು ಮಯಿಲಾಪುರದಲ್ಲಿ ಮಿತ್ರರೊಬ್ಬರ ಹೋಟೆಲಿಗೆ ಹೋದಾಗ ಕಾಫಿ ಸಿಕ್ಕಲಿಲ್ಲ. ಉಡುಪಿಯವರ ಹೋಟೆಲಿನಲ್ಲಿ ಆರೂವರೆ ಗಂಟೆಗೆ ಕಾಫಿ ಇಲ್ಲವೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ವಿಚಾರಿಸಲಾಗಿ, ಬಾಯ್ಲರಿನ ಹಬೆಯ ಕೊಳವೆ ಬೆಸುಗೆಯ ಬಳಿ ಬಿರಿದುಕೊಂಡಿದೆಯೆಂದು ತಿಳಿಯಿತು. ಪುಣ್ಯಕ್ಕೆ ಕಾಫಿ ಬೆರೆಸುವ ಹುಡುಗ ಆಗ ಹಾಲು ತರಲು ಹೋಗಿದ್ದ. "ತಿಂಗಳ ಹಿಂದೆ ಹಾಕಿಸಿದ್ದು, ನೋಡಿ" ಎಂದು ಮಿತ್ರರು ಪೇಚಾಡಿದರು.

ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕಾಲದಲ್ಲಿ ಅಡುಗೆಮನೆಯೆಂದರೆ ತಾಮ್ರ, ಹಿತ್ತಾಳೆ ಮತ್ತು ಕಲಾಯಿ. ಈಗ ಎಲ್ಲೆಲ್ಲೂ ಸ್ಟೇನ್‌ಲೆಸ್ ಸ್ಟೀಲು; ಚೆನ್ನೈಯವರ ಬಾಯಲ್ಲಿ ಅದು ಎವರ್‌ಸಿಲ್ವರ್. ಆದರೂ ಸುಲಭವಾಗಿ ಬಾಗುವ ತಾಮ್ರದ ಕೊಳವೆಯನ್ನು ಯಾರೂ ಬಿಟ್ಟಿಲ್ಲ. ಹೀಗಾಗಿ ಎರಡು ಲೋಹಗಳೂ ಒಂದೆಡೆ ಸೇರಬೇಕಾಗಿದೆ.

ರಿಪೇರಿಗೆ ಬಂದ ಮೇಸ್ತ್ರಿ ಹೊಸೂರಿನ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. ಮುರಿದ ತುಂಡನ್ನು ಬೆಳಕಿಗೆ ಹಿಡಿದು, "ಫ್ರಿಜ್ಜಿನ ಕಡ್ಡಿ ಹಾಕಿದಾರೆ, ರಾಯರೇ" ಎಂದರು. ಫ್ರಿಜ್ಜು, ಏಸಿ ರಿಪೇರಿಯವರು ಬಳಸುವ ಆ ಕಡ್ಡಿ ತಾಮ್ರಕ್ಕೆ ರಂಜಕ ಬೆರೆಸಿದ್ದು. ತಾಮ್ರಕ್ಕೆ ತಾಮ್ರ ಕೂಡಿಸಲು ಬಹಳ ಒಳ್ಳೆಯದು. ಅಗ್ಗ, ಬೇರೆ ಪುಡಿಯೂ ಬೇಡ. ಆದರೆ ಉಕ್ಕು ಸಿಕ್ಕಿದಲ್ಲಿ ರಂಜಕವು ಅದರ ಕಬ್ಬಿಣದೊಡನೆ ಸೇರಿ, ಗಾಜಿನಂತೆ ಪೆಡಸಾದ ತೆಳ್ಳನೆಯ ಪದರವಾಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ಬೆಸುಗೆ ಅಚ್ಚುಕಟ್ಟಾಗಿಯೇ ಇರುತ್ತದೆ. ದಿನಾ ಕಾದು, ತಣಿದು, ಅದುರಿ, ಒಂದು ದಿನ ಬಿರಿಯುತ್ತದೆ. ಮೋಸವೆಲ್ಲ ಇಲ್ಲೇ ಇರುವುದು.

ಈ ಜೋಡಿಗೆ ಬೇಕಾದದ್ದು ಬೆಳ್ಳಿ ಕಡ್ಡಿ. ಮೇಸ್ತ್ರಿ ತಂದಿದ್ದುದರಲ್ಲಿ ನೂರಕ್ಕೆ 50 ಪಾಲು ಬೆಳ್ಳಿ, 2 ಪಾಲು ನಿಕ್ಕಲ್, ಉಳಿದದ್ದು ತಾಮ್ರ ಮತ್ತು ಸತು. ಸದಾ ನೀರು ತಾಗುವ ಸ್ಟೀಲಿಗೆ ನಿಕ್ಕಲ್ ಇದ್ದರೆ ಬೆಸುಗೆಯ ಅಂಚು ಬೇಗ ತಿಂದುಹೋಗುವುದಿಲ್ಲವಂತೆ. ಈ ಕಡ್ಡಿ ಸುಮಾರು 700 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ತಾಮ್ರ ಕರಗಲು 1085 ಬೇಕು.

ಅಕ್ಕಸಾಲಿಗರ ಬಿಳಿಗಾರ ಸಾಲದೇ ಎಂದು ಕೇಳಿದೆವು. ಮೇಸ್ತ್ರಿ ನಕ್ಕರು. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ. ಬೆಸುಗೆ ಹತ್ತಗೊಡದಿರುವುದೂ ಅದೇ ಪೊರೆ. ಅದನ್ನು ಕರಗಿಸಲು ಫ್ಲೋರೈಡ್ ಬೆರೆತ ಫ್ಲಕ್ಸ್ ಬೇಕು. ಅದರ ಹೊಗೆ ಒಳ್ಳೆಯದಲ್ಲವಾದ್ದರಿಂದ ಕೆಲಸ ಹಿತ್ತಲ ಬಯಲಿನಲ್ಲೇ ನಡೆಯಿತು.

ಹಳೆಯ ಬೆಸುಗೆಯ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಹೊಸ ಫಿಟ್ಟಿಂಗನ್ನೂ ಕೊಳವೆಯನ್ನೂ ಎಮೆರಿ ಕಾಗದದಿಂದ ಉಜ್ಜಿ, ಜಿಡ್ಡು ಒರೆಸಿ, ಫ್ಲಕ್ಸ್ ಬಳಿದು ಒಂದರೊಳಗೊಂದು ಕೂಡಿಸಿದರು. ನಡುವೆ ಕಾಗದದ ಹಾಳೆಯಷ್ಟು ಸಂದು, ಅಷ್ಟೆ. ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಆ ಸಂದೇ ಕರಗಿದ ಬೆಳ್ಳಿಯನ್ನು ಒಳಗೆಳೆದುಕೊಳ್ಳಬೇಕು. ಕೈಚಳಕ ಕಾಣುವುದು ಉರಿ ಹಿಡಿಯುವುದರಲ್ಲಿ. ತಾಮ್ರವು ಈ ಸ್ಟೀಲಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಸ್ಟೀಲಾದರೋ ಉರಿ ಬಿದ್ದಲ್ಲೇ ಕಾದು ಕಪ್ಪಾಗಿ, ಪಕ್ಕದಲ್ಲಿ ತಣ್ಣಗೇ ಇರುತ್ತದೆ. ಆದ್ದರಿಂದ ಮೇಸ್ತ್ರಿ ಮೊದಲು ತಾಮ್ರವನ್ನು ಕಾಯಿಸಿ, ಬಳಿಕ ಉರಿಯನ್ನು ಒಂದೆಡೆ ನಿಲ್ಲಗೊಡದೆ ಎರಡರ ಮೇಲೂ ಆಡಿಸಿದರು. ಫ್ಲಕ್ಸ್ ಮೊದಲು ಉಬ್ಬಿ ಬೆಳ್ಳಗಾಯಿತು, ಆಮೇಲೆ ನೀರಿನಂತೆ ತಿಳಿಯಾಯಿತು. ಇನ್ನಷ್ಟು ಕಾಯಿಸಿ, ಲೋಹ ಮಂದವಾಗಿ ಕೆಂಪೇರಿದಾಗ ಕಡ್ಡಿಯನ್ನು ಉರಿಗೆ ಹಿಡಿಯದೆ ಲೋಹಕ್ಕೇ ತಾಗಿಸಿದರು. ಬೆಳ್ಳಿ ಸುತ್ತಲೂ ಮಿಂಚಿನಂತೆ ಹರಿಯಿತು. ಅರೆ ನಿಮಿಷದ ಆ ನೋಟಕ್ಕೆ ಕಾಫಿಯ ಕೊರಗು ನಮಗೆ ಮರೆತೇಹೋಯಿತು.

ತಣಿದ ಮೇಲೆ ಬಿಸಿನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ ಫ್ಲಕ್ಸಿನ ಗಾಜನ್ನೆಲ್ಲ ತೆಗೆದರು. ಉಳಿದರೆ ಅದೇ ಲೋಹವನ್ನು ತಿನ್ನುತ್ತದೆ. ಸಾಬೂನು ನೀರು ಸವರಿ ಗಾಳಿ ತುಂಬಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಹೊಸದಾಗಿ ಮಾಡಿಸುವವರಿಗೆ ಇನ್ನೊಂದು ಮಾತು. ಬೆಳ್ಳಿ ಕಡ್ಡಿಗಳಲ್ಲಿಯೂ ಕ್ಯಾಡ್ಮಿಯಂ ಬೆರೆತವುಂಟು. ಸಲೀಸಾಗಿ ಹರಿಯುತ್ತವೆ, ಆದರೆ ಅವುಗಳ ಹೊಗೆ ವಿಷ. ಯೂರೋಪಿನ ಒಕ್ಕೂಟ 2011ರಲ್ಲಿ ಅಂಥ ಕಡ್ಡಿಗಳನ್ನು ನಿಷೇಧಿಸಿತು. ಹಾಲು, ನೀರು ಮುಟ್ಟುವ ಕಡೆ ಅವೂ ಬೇಡ, ಸೀಸದ ಬೆಸುಗೆಯೂ ಬೇಡ. ಯಾವ ಕಡ್ಡಿಯೆಂದು ಕೇಳಲು ಸಂಕೋಚಪಡಬಾರದು. ನಮ್ಮ ಮಿತ್ರರು ಕಳೆದ ತಿಂಗಳು ಕೇಳಿರಲಿಲ್ಲ.

ಕಾಫಿ ಬಂದಾಗ ಹನ್ನೊಂದು ಗಂಟೆ. ಮೊದಲ ಲೋಟ ಮೇಸ್ತ್ರಿಗೆ ಹೋಯಿತು.