ಗಿಟಾರಿನಲ್ಲಿ ಡೋರಿಯನ್ ಸ್ವರಸಾಧನೆ

ಈಗ ಅನೇಕ ಗೃಹಸ್ಥರ ಮನೆಗಳಲ್ಲಿ ವೀಣೆ, ಪಿಟೀಲುಗಳ ಪಕ್ಕದಲ್ಲಿ ಗಿಟಾರ್ ವಾದ್ಯವೂ ಸ್ಥಾನ ಪಡೆದಿದೆ. ಅದನ್ನು ಅಭ್ಯಾಸಮಾಡುವ ಮಕ್ಕಳು 'ಡೋರಿಯನ್' ಎಂಬ ಸ್ವರಕ್ರಮದ ಚಿತ್ರವನ್ನು ಪುಸ್ತಕದಲ್ಲಿ ನೋಡಿ, ಬೆರಳುಗಳನ್ನು ಅತಿವೇಗವಾಗಿ ಮೇಲಕ್ಕೂ ಕೆಳಕ್ಕೂ ಓಡಿಸಿ, ಅದು ತಮಗೆ ಬಂದಿತೆಂದು ತೃಪ್ತರಾಗುತ್ತಾರೆ. ಶಬ್ದರೂಪಗಳನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಸಂಸ್ಕೃತದಲ್ಲಿ ವಾಕ್ಯರಚನೆ ಬಂದೀತೆ? ಇದೂ ಹಾಗೆಯೇ ಸರಿ.

ಡೋರಿಯನ್ ಎಂಬ ಹೆಸರು ಗ್ರೀಕರದಾದರೂ ಅವರು ಆ ಹೆಸರಿನಿಂದ ಕರೆದುದು ಬೇರೊಂದು ಕ್ರಮವನ್ನು. ಈಗಿನ ಡೋರಿಯನ್ ಮಧ್ಯಯುಗದ ಯೂರೋಪಿನ ಚರ್ಚುಗಳ ಗಾನದಲ್ಲಿದ್ದ ಎಂಟು ಕ್ರಮಗಳಲ್ಲಿ ಮೊದಲನೆಯದು. ಸ್ವಿಟ್ಜರ್ಲೆಂಡಿನ ಪಂಡಿತನಾದ ಗ್ಲಾರಿಯಾನಸ್ 1547ರಲ್ಲಿ ಪ್ರಕಟಿಸಿದ 'ಡೋಡೆಕಾಕಾರ್ಡನ್' ಎಂಬ ಗ್ರಂಥದಲ್ಲಿ ಆ ಎಂಟನ್ನು ಹನ್ನೆರಡಕ್ಕೆ ಏರಿಸಿದನು. ನಮ್ಮ 22ನೆಯ ಮೇಳವಾದ ಖರಹರಪ್ರಿಯದ ಸ್ವರಸ್ಥಾನಗಳೇ ಡೋರಿಯನ್ನಿನವು. ಹಿಂದೂಸ್ಥಾನಿಯವರ ಕಾಫಿ ಥಾಟ್ ಸಹ ಇದೇ.

ಪಿಯಾನೋವಿನ ಬಿಳಿಯ ಮನೆಗಳನ್ನು 'ಸಿ'ಯಿಂದ ಆರಂಭಿಸಿ ನುಡಿಸಿದರೆ ಶಂಕರಾಭರಣದ ಸ್ವರಗಳಾಗುತ್ತವೆ. ಅವನ್ನೇ 'ಡಿ'ಯನ್ನು ಷಡ್ಜವಾಗಿಟ್ಟು ನುಡಿಸಿದರೆ ಡೋರಿಯನ್. ನಮ್ಮವರು ಗ್ರಹಭೇದವೆಂದು ಕರೆಯುವುದು ಇದನ್ನೇ. ಸ್ವರಗಳು ಅವೇ ಆಗಿರುವಾಗ ಭೇದವು ಎಲ್ಲಿಂದ ಬಂದಿತು? ಅವು ಯಾವ ಸ್ವರವನ್ನು ಆಶ್ರಯಿಸಿ ನಿಲ್ಲುತ್ತವೆಯೋ ಅದರಿಂದ. ಆಶ್ರಯವನ್ನು ಮರೆತು ಓಡುವ ಬೆರಳಿಗೆ ಕಿವಿಯು ತಿಳಿಯದಂತೆಯೇ ಹಳೆಯ ಶಂಕರಾಭರಣವನ್ನು ಹಚ್ಚಿಬಿಡುತ್ತದೆ. ಆದಕಾರಣ ಮೊದಲು ಶ್ರುತಿ, ಅನಂತರ ಸ್ವರ.

ಇದಕ್ಕೆ ಗಿಟಾರಿನಲ್ಲಿ ಸುಲಭವಾದ ಉಪಾಯವುಂಟು. ತೆಳುವಾದ ತಂತಿಯಿಂದ ಎಣಿಸಿದರೆ ನಾಲ್ಕನೆಯದು 'ಡಿ', ಐದನೆಯದು 'ಎ', ಆರನೆಯದು 'ಇ'. ಆರನೆಯದನ್ನು ಸಡಿಲಿಸಿ, ನಾಲ್ಕನೆಯದಕ್ಕೆ ಒಂದು ಸ್ಥಾಯಿ ಕೆಳಗೆ ಕೂಡುವಂತೆ 'ಡಿ'ಗೆ ಇಳಿಸತಕ್ಕದ್ದು. ಆಗ ದಪ್ಪನೆಯ ಮೂರು ತಂತಿಗಳು ಸ-ಪ-ಸ ಎಂದು ತಂಬೂರಿಯಂತೆ ನುಡಿಯುತ್ತವೆ. ಆರನೆಯದನ್ನೂ ಐದನೆಯದನ್ನೂ ಆಗಾಗ ಮೀಟುತ್ತ ನಾಲ್ಕನೆಯದರ ಮೇಲೆ ಸಾಧನೆ ಮಾಡಬೇಕು. ವೀಣೆಯಂತೆ ಇಲ್ಲಿಯೂ ಸ್ಥಾಯಿಯೊಂದಕ್ಕೆ 12 ಮೆಟ್ಟುಗಳು. ಬಿಟ್ಟ ತಂತಿಯು ಷಡ್ಜ, ಬಳಿಕ 2, 3, 5, 7, 9, 10ನೆಯ ಮೆಟ್ಟುಗಳಲ್ಲಿ ಕ್ರಮವಾಗಿ ರಿ ಗ ಮ ಪ ದ ನಿ, 12ರಲ್ಲಿ ತಾರಷಡ್ಜ. ಈ ಅಂತರಗಳು ಸಂಸ್ಕೃತದ ಗತಪ್ರತ್ಯಾಗತ ಶ್ಲೋಕದಂತೆ ಹಿಂದಿನಿಂದಲೂ ಮುಂದಿನಿಂದಲೂ ಒಂದೇ ಆಗಿರುವುದು ಈ ಕ್ರಮದ ವಿಶೇಷ.

ಇದರ ಜೀವವು 9ನೆಯ ಮೆಟ್ಟಿನ ಚತುಶ್ಶ್ರುತಿ ಧೈವತದಲ್ಲಿದೆ. ಅದನ್ನು 8ಕ್ಕೆ ಇಳಿಸಿದರೆ 20ನೆಯ ಮೇಳವಾದ ನಟಭೈರವಿಯ ಸ್ವರಗಳಾಗಿ, ಬಣ್ಣವು ಕಂದುತ್ತದೆ. ಎರಡನ್ನೂ ಒಂದಾದ ಮೇಲೊಂದರಂತೆ ಮೀಟಿ ಕಣ್ಣು ಮುಚ್ಚಿ ಕೇಳಬೇಕು. 'ಡಿ ಮೈನರ್', 'ಜಿ ಮೇಜರ್' ಎಂಬ ಎರಡು ಸ್ವರಮೇಳನಗಳನ್ನು ಸರದಿಯಾಗಿ ನುಡಿಸಿದರೂ, ಎರಡನೆಯದರ ಗರ್ಭದಲ್ಲಿ ಆ ಧೈವತವು ಹೊಳೆಯುವುದು.

ಮೊದಲ ವಾರ ಷಡ್ಜದಿಂದ ಪಂಚಮದವರೆಗೆ ಮಾತ್ರ. ಮುಂದಿನ ವಾರ ಪೂರ್ಣಸ್ಥಾಯಿ. ನಮ್ಮ ಸರಳೆ, ಜಂಟಿ ವರಸೆಗಳನ್ನು ಈ ಸ್ವರಗಳಿಗೆ ಹೊಂದಿಸಿಕೊಂಡು, ಮೊದಲನೆಯ ಕಾಲವು ಸ್ಥಿರವಾಗುವವರೆಗೆ ಎರಡನೆಯ ಕಾಲವನ್ನು ಮುಟ್ಟಲಾಗದು. ದಿನಕ್ಕೆ ಅರ್ಧ ಗಂಟೆ ಸಾಕು, ತಪ್ಪಬಾರದು, ಅಷ್ಟೇ.

ಕಿವಿಗೆ ಪರೀಕ್ಷೆ ಬೇಕಾದವರು ಅಮೆರಿಕದ ಜಾಜ್ ವಾದಕ ಮೈಲ್ಸ್ ಡೇವಿಸರು 1959ರಲ್ಲಿ ಮುದ್ರಿಸಿದ 'ಸೋ ವಾಟ್' ಎಂಬುದನ್ನು ಕೇಳಬಹುದು. ಅದರ 32 ಆವರ್ತಗಳಲ್ಲಿ ಮೊದಲ 16 'ಡಿ' ಡೋರಿಯನ್. ಮುಂದಿನ 8ರಲ್ಲಿ ಷಡ್ಜವು ಅರ್ಧಸ್ವರ ಮೇಲೇರಿ, ಕೊನೆಯ 8ರಲ್ಲಿ ಸ್ವಸ್ಥಾನಕ್ಕೆ ಮರಳುತ್ತದೆ. ಮನೆ ಬದಲಾದ ಕ್ಷಣವನ್ನು ಗುರುತಿಸಬಲ್ಲವನಿಗೆ ವಿದ್ಯೆಯು ಹತ್ತಿತೆಂದು ತಿಳಿಯಬಹುದು.

ಆದರೂ ಡೋರಿಯನ್ ನುಡಿಸಿದವನು ಖರಹರಪ್ರಿಯ ರಾಗವನ್ನು ನುಡಿಸಿದನೆಂದು ಭ್ರಮಿಸಬಾರದು. ಸ್ವರಗಳು ಅಸ್ಥಿಪಂಜರ, ಗಮಕವೂ ಸಂಚಾರವೂ ಸೇರಿದಾಗಲೇ ರಾಗಕ್ಕೆ ಮೈ ಬರುವುದು. ತಾಯಿತಂದೆಗಳು ಮಾಡಬೇಕಾದ ಸಹಾಯವು ಸ್ವಲ್ಪವೇ: "ಎಷ್ಟು ಬೇಗ ನುಡಿಸಬಲ್ಲೆ?" ಎಂದು ಮಗುವನ್ನು ಕೇಳದೆ, "ಷಡ್ಜ ಎಲ್ಲಿದೆ, ಹಾಡಿ ತೋರಿಸು" ಎಂದು ಕೇಳಲಿ.