ನೆರಳು ನೋಡಿ ಹೊತ್ತು ತಿಳಿಯೋಣ

ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಕಲಿಕಾ ಕೇಂದ್ರ ಇದೆ. ಅಲ್ಲಿಗೆ ಹಿರಿಯ ಅಜ್ಜಿಯೊಬ್ಬರು ಬರುತ್ತಾರೆ. ಗಡಿಯಾರ ನೋಡಲು ಅವರು ಕಲಿತದ್ದು ಮೊನ್ನೆ ಮೊನ್ನೆ. ಅದಕ್ಕೂ ಮೊದಲು ಅಂಗಳದ ನೆರಳೇ ಅವರ ಗಡಿಯಾರ. ಹೊಲಕ್ಕೆ ಬುತ್ತಿ ಕಳಿಸುವುದು, ದನಕ್ಕೆ ನೀರು ಕುಡಿಸುವುದು, ಎಲ್ಲಾ ನೆರಳಿನ ಲೆಕ್ಕ.

ಒಂದು ದಿನ ಅವರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಅಕ್ಕೋರ, ನನ್ನ ಮೊಮ್ಮಗ ನಗ್ತಾನ್ರೀ. ಗಡಿಯಾರದಾಗ ಹನ್ನೆರಡು ಆಗಿತ್ತು. ನಡು ಹೊತ್ತು ಇನ್ನೂ ಆಗಿಲ್ಲ, ನೆರಳು ಇನ್ನೂ ಸಣ್ಣ ಆಗಬೇಕು ಅಂದೆ. ಆಯಿ, ನಿನಗ ಏನೂ ತಿಳಿಯಂಗಿಲ್ಲ ಅಂದ. ಇಷ್ಟು ವರ್ಷ ನಾ ತಪ್ಪು ಹೊತ್ತು ನೋಡೀನೇನ್ರೀ?"

ನಮಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಳೆದೇ ನೋಡೋಣ ಎಂದೆವು. ಅವತ್ತು ಹಿಡಿದ ಹುಚ್ಚು ನಮ್ಮನ್ನು ಇನ್ನೂ ಬಿಟ್ಟಿಲ್ಲ!

ಜನವರಿ ಕೊನೆಯ ವಾರ. ಸಮನಾದ ಅಂಗಳದಲ್ಲಿ ಎರಡು ಅಡಿ ಎತ್ತರದ ಕೋಲು ನೆಟ್ಟೆವು. ಕೋಲು ವಾಲಬಾರದು. ಗೌಂಡಿಗಳು ಗೋಡೆ ಕಟ್ಟುವಾಗ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಹಾಗೆ ಕಲ್ಲು ಕಟ್ಟಿದ ದಾರ ಹಿಡಿದು ನೆಟ್ಟಗೆ ಮಾಡಿದೆವು. ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ನೆರಳಿನ ತುದಿಗೆ ಒಂದು ಹರಳು ಇಟ್ಟೆವು. ಕೋಲಿನ ಬುಡಕ್ಕೆ ಹಗ್ಗ ಕಟ್ಟಿ, ಹರಳಿನವರೆಗೆ ಎಳೆದು, ನೆಲದ ಮೇಲೆ ಸುತ್ತಲೂ ಗೆರೆ ಹಾಕಿದೆವು.

ನೆರಳು ಮೆಲ್ಲಗೆ ಸಣ್ಣದಾಯಿತು. ಗೆರೆಯ ಒಳಗೆ ಸರಿಯಿತು. ಆಮೇಲೆ ಮತ್ತೆ ಬೆಳೆಯಿತು. ಮಧ್ಯಾಹ್ನ 2 ಗಂಟೆ 16 ನಿಮಿಷಕ್ಕೆ ಅದರ ತುದಿ ಮತ್ತೆ ಗೆರೆ ಮುಟ್ಟಿತು. ಅಲ್ಲಿ ಇನ್ನೊಂದು ಹರಳು ಇಟ್ಟೆವು.

ಈಗ ಲೆಕ್ಕ. ಎರಡು ಹರಳಿನ ನಡುವೆ 3 ಗಂಟೆ 6 ನಿಮಿಷ. ಅದರ ಅರ್ಧ 1 ಗಂಟೆ 33 ನಿಮಿಷ. 11 ಗಂಟೆ 10 ನಿಮಿಷಕ್ಕೆ ಅದನ್ನು ಕೂಡಿಸಿದರೆ 12 ಗಂಟೆ 43 ನಿಮಿಷ. ಸೂರ್ಯ ಅವತ್ತು ಅತಿ ಮೇಲೆ ಏರಿದ್ದು ಆಗ. ಹನ್ನೆರಡಕ್ಕೆ ನಡು ಹೊತ್ತು ಆಗಿರಲಿಲ್ಲ. ಅಜ್ಜಿ ಹೇಳಿದ್ದೇ ಸರಿ!

ಇನ್ನೊಂದು ಲಾಭವೂ ಆಯಿತು. ಎರಡು ಹರಳುಗಳ ನಡುವೆ ಹಗ್ಗ ಎಳೆದು ಹಿಡಿದರೆ ಅದು ಪೂರ್ವ–ಪಶ್ಚಿಮ ದಿಕ್ಕು ತೋರಿಸುತ್ತದೆ. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಈ ಕೋಲಿಗೆ ಶಂಕು ಎಂದು ಹೆಸರು.

ಹಾಗಾದರೆ ಗಡಿಯಾರ ಸುಳ್ಳೇ? ಅಲ್ಲ. ಸೂರ್ಯ ಮೂಡಣದ ಊರುಗಳಿಗೆ ಮೊದಲು ಬರುತ್ತಾನೆ, ಪಡುವಣದ ಊರುಗಳಿಗೆ ತಡವಾಗಿ. ಒಂದೊಂದು ಊರಿಗೆ ಒಂದೊಂದು ಗಂಟೆ ಇದ್ದರೆ ರೈಲು ಓಡಿಸುವುದು ಹೇಗೆ? ಅದಕ್ಕೇ 1906ರಲ್ಲಿ ಭಾರತಕ್ಕೆಲ್ಲ ಒಂದೇ ಸಮಯ ಮಾಡಿದರು. ಮುಂಬಯಿ ಮಾತ್ರ 1955ರವರೆಗೂ ತನ್ನದೇ ಸಮಯ ಇಟ್ಟುಕೊಂಡಿತ್ತು. ಈ ಸಮಯಕ್ಕೆ ಲೆಕ್ಕ ಹಿಡಿದ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಧಾರವಾಡ ಅದಕ್ಕಿಂತ ಏಳೂವರೆ ಡಿಗ್ರಿ ಪಡುವಣಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ನಮಗೆ ಸೂರ್ಯ ಅರ್ಧ ಗಂಟೆ ತಡ. ಕೋಲಾರದವರಿಗೆ ಸುಮಾರು 17 ನಿಮಿಷವಷ್ಟೆ ತಡ.

ಅರ್ಧ ಗಂಟೆ ಅಂದರೆ 12.30. ಮಿಕ್ಕ 13 ನಿಮಿಷ? ಭೂಮಿ ವಾಲಿಕೊಂಡಿದೆ, ಅದು ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡುವುದೂ ಇಲ್ಲ. ಹಾಗಾಗಿ ನಡು ಹೊತ್ತು ಫೆಬ್ರವರಿಯಲ್ಲಿ 12.44ರವರೆಗೆ ಹೋಗುತ್ತದೆ, ನವೆಂಬರ್ ಮೊದಲಲ್ಲಿ 12.14ಕ್ಕೇ ಬರುತ್ತದೆ.

ಆಮೇಲೆ ಸೂರ್ಯನ ಎತ್ತರ ಅಳೆಯುವ ಆಸೆ ಆಯಿತು. ಇದಕ್ಕೆಂದೇ ಹಿಂದೆ ಹಿತ್ತಾಳೆಯ ದುಂಡು ತಟ್ಟೆಯಂಥ ಯಂತ್ರ ಮಾಡುತ್ತಿದ್ದರು. ಅದರ ಹೆಸರು ಯಂತ್ರರಾಜ. ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್‌ನ ಕಾಲದಲ್ಲಿ, 1370ರಲ್ಲಿ, ಮಹೇಂದ್ರ ಸೂರಿ ಎಂಬ ಜೈನ ಪಂಡಿತರು ಅದರ ಬಗ್ಗೆ ಸಂಸ್ಕೃತದಲ್ಲಿ ಪುಸ್ತಕ ಬರೆದರು. ನಮ್ಮದು ಬಡವರ ಯಂತ್ರರಾಜ! ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಅದರ ನೆಟ್ಟಗಿನ ಅಂಚಿಗೆ ಒಂದು ಕೊಳವೆ, ನಡುವೆ ಕಲ್ಲು ಕಟ್ಟಿದ ದಾರ. ಕೊಳವೆ ಮಲಗಿದ್ದಾಗ ದಾರ 90ರ ಮೇಲೆ ಇರುತ್ತದೆ. ಕೊಳವೆ ಎತ್ತಿದಾಗ ದಾರ 90ರಿಂದ ಎಷ್ಟು ಸರಿಯುತ್ತದೋ ಅಷ್ಟು ಡಿಗ್ರಿ ಎತ್ತರ.

ಎಚ್ಚರ! ಕೊಳವೆಯಲ್ಲಿ ಸೂರ್ಯನನ್ನು ನೋಡಲೇಬೇಡಿ. ಕಣ್ಣು ಹೋಗುತ್ತದೆ. ಕೊಳವೆಯನ್ನು ಸೂರ್ಯನತ್ತ ಹಿಡಿದು, ಹಿಂದೆ ಅಂಗೈ ಒಡ್ಡಿ. ದುಂಡು ಬೆಳಕು ಅಂಗೈಗೆ ಬಿದ್ದಾಗ ದಾರ ಓದಿ. ರಾತ್ರಿ ಮಾತ್ರ ಕಣ್ಣಿಟ್ಟು ಧ್ರುವ ನಕ್ಷತ್ರ ನೋಡಬಹುದು. ಧಾರವಾಡದಲ್ಲಿ ಅದು ಸುಮಾರು 15 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ, ಬೀದರಿನಲ್ಲಿ 18.

ಹಗ್ಗದ ಆ ಕಡೆ ಹಿಡಿಯಲು ಈಗ ಮೊಮ್ಮಗನೇ ಬರುತ್ತಾನೆ. "ಮೋಡ ಇದ್ದರ ಏನ್ ಮಾಡ್ತಿ ಆಯಿ?" ಎಂದು ಕೇಳಿದ. "ಅವತ್ತ ನಿನ್ನ ಗಡಿಯಾರ ನೋಡ್ತೀನೋ" ಎಂದರು ಅಜ್ಜಿ.

ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟ್‌ನಲ್ಲಿ ಮಳೆಯ ಕಾಟ, ಮೇ ತಿಂಗಳೇ ಒಳ್ಳೆಯದು. ಆ ದಿನಗಳಲ್ಲಿ ಹನ್ನೆರಡೂವರೆಗೆ ಸ್ವಲ್ಪ ಮುಂಚೆ ಅಂಗಳದಲ್ಲಿ ಒಂದು ಲೋಟ ಬೋರಲು ಹಾಕಿ, ಅದರ ನೆರಳು ಎಲ್ಲಿ ಹೋಯಿತು ಎಂದು ಹುಡುಕಿ.