ಹೊಲ ಇದ್ದೂ ಕೂಲಿಗೆ ಇಲ್ಲಿಗೆ ಬರೋದು ಯಾಕೆ? ಮಳೆ ಕಡಿಮೆ ಅನ್ನೋದಷ್ಟೇ ಕಾರಣವಲ್ಲ

ಪಾಣೆಮಂಗಳೂರು: ಪಾಣೆಮಂಗಳೂರು, ಮೇಲ್ಕಾರ್, ಬಿ.ಸಿ.ರೋಡ್ ಸುತ್ತ ಕಟ್ಟಡ, ರಸ್ತೆ, ಚರಂಡಿ ಕೆಲಸ ನಡೆಯುವಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಕಡೆಯ ಕಾರ್ಮಿಕರು ಕಾಣಸಿಗುತ್ತಾರೆ. ಊರಲ್ಲಿ ಸ್ವಂತ ಹೊಲ ಇರುವವರೂ ಅವರಲ್ಲಿದ್ದಾರೆ. ಮತ್ತೆ ಇಷ್ಟು ದೂರ ಯಾಕೆ ಬರ್ತಾರೆ? "ಘಟ್ಟದ ಮೇಲೆ ಮಳೆ ಇಲ್ಲ" ಅನ್ನೋದು ನಮ್ಮ ಸಿದ್ಧ ಉತ್ತರ. ಅದು ಅರ್ಧ ಸತ್ಯ ಮಾತ್ರ.

ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿ 600 ಮಿ.ಮೀ. ಆಸುಪಾಸು. ಅಷ್ಟೂ ಹೊಲದಲ್ಲೇ ಇಂಗಿದರೆ ಜೋಳವೋ ಕಡಲೆಯೋ ಒಂದು ಬೆಳೆಗೆ ಸಾಕು. ಆದರೆ ಅದರಲ್ಲಿ ದೊಡ್ಡ ಪಾಲು ಕೆಲವೇ ದಿನ ರಭಸವಾಗಿ ಸುರಿದು, ಇಂಗುವ ಮೊದಲೇ ಹರಿದು ಹೋಗುತ್ತದೆ. ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ಬೆಳೆಗೆ ಬೇಕಾದ ಸತ್ವ ಹೆಚ್ಚಾಗಿ ಇರೋದು ಆ ಪದರದಲ್ಲೇ.

ಮಣ್ಣು ಹೋದದ್ದಕ್ಕೆ ಸಾಕ್ಷಿ ಬೇಕಾದರೆ ತುಂಗಭದ್ರಾ ಜಲಾಶಯ ನೋಡಿ. 1953ರ ಹೊತ್ತಿಗೆ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ 105 ಟಿಎಂಸಿಗೆ ಇಳಿದಿದೆ. ಆ ಹೂಳು ಎಂದರೆ ಮೇಲಿನ ಊರುಗಳ ಹೊಲ, ಗುಡ್ಡಗಳ ಮಣ್ಣು.

ಬಂಡವಾಳ ಕರಗಿದ ಹಾಗೆ

ಅಂಗಡಿಯವರಿಗೆ ಇದು ಬೇಗ ಅರ್ಥವಾದೀತು. ವ್ಯಾಪಾರ ಇಲ್ಲದ ವರ್ಷ ಬಂಡವಾಳವನ್ನೇ ತಿಂದರೆ ಮುಂದಿನ ವರ್ಷ ಸರಕು ಹಾಕಲಿಕ್ಕೆ ಆಗೋದಿಲ್ಲ. ರೈತನಿಗೆ ಮಣ್ಣೇ ಬಂಡವಾಳ. ಬೆಳೆ ಕೈಕೊಟ್ಟಾಗ ಎತ್ತು ಮಾರುತ್ತಾನೆ. ಅದರೊಂದಿಗೆ ಸೆಗಣಿ ಗೊಬ್ಬರವೂ ಹೋಯಿತು. ಒಡೆದ ಬದು ಕಟ್ಟಲಿಕ್ಕೆ ದುಡ್ಡಿಲ್ಲ. ಮರುವರ್ಷ ಇನ್ನಷ್ಟು ಮಣ್ಣು ಕೊಚ್ಚಿ ಹೋಗುತ್ತದೆ, ಇಳುವರಿ ಇನ್ನಷ್ಟು ಇಳಿಯುತ್ತದೆ. ಬಡತನದಿಂದ ಮಣ್ಣು ಹಾಳು, ಹಾಳಾದ ಮಣ್ಣಿನಿಂದ ಬಡತನ. ಇಸ್ರೋ ನಕ್ಷೆಗಳ ಪ್ರಕಾರ ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭೂಮಿ ಹೀಗೆ ಸತ್ವ ಕಳೆದುಕೊಂಡಿದೆ.

ದಾರಿ ಇದೆಯೇ?

ಇದೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬದು, ಕೃಷಿ ಹೊಂಡ, ಸಾವಯವ ಗೊಬ್ಬರ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಊರವರ ಗುಂಪು ಕಟ್ಟಿ ಇಂಥ ಕೆಲಸ ಮಾಡಿಸಿತು.

ಆದರೆ ಬದು ಒಮ್ಮೆ ಕಟ್ಟಿದರೆ ಮುಗಿಯಲಿಲ್ಲ, ಮಳೆಗಾಲಕ್ಕೆ ಮೊದಲು ಪ್ರತಿವರ್ಷ ದುರಸ್ತಿ ಆಗಬೇಕು. ಆ ಕೆಲಸದ ಹೊತ್ತಾದ ಬೇಸಗೆಯಲ್ಲೇ ಅದನ್ನು ಮಾಡಬೇಕಾದ ಕೈಗಳು ನಮ್ಮಲ್ಲಿ ಕಲ್ಲು ಹೊರುತ್ತಿರುತ್ತವೆ. ಬೇಸಗೆಯಲ್ಲಿ ಅವರ ಊರಲ್ಲೇ, ಅವರ ಹೊಲದ ಬದುವಿಗೇ ಕೂಲಿ ಸಿಕ್ಕಿದರೆ ಮಣ್ಣೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.